ಭಾವನ ಹಸಿರು ಚುಕ್ಕೆ

ನಮ್ಮ ಕೆಲಸದಲ್ಲಿ ರೋಗಿಯ ಮುಖ ಕಾಣುವುದಿಲ್ಲ. ಆಪರೇಷನ್ ಥಿಯೇಟರಿನಿಂದ ಡಬ್ಬಿಯಲ್ಲಿ ಒಂದು ತುಣುಕು ಮಾಂಸ ಬರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬಣ್ಣ ಹಾಕಿ ನನ್ನ ಮೇಜಿನ ಮೇಲೆ ತಂದಿಡುತ್ತಾರೆ. ನಾನು ಮೈಕ್ರೋಸ್ಕೋಪಿನಲ್ಲಿ ನೋಡಿ ಇದು ಕ್ಯಾನ್ಸರ್, ಇದು ಅಲ್ಲ ಎಂದು ಬರೆಯುತ್ತೇನೆ. ನಲವತ್ತು ವರ್ಷದಿಂದ ಇದೇ. ನೆಂಟರ ಮನೆಗೆ ಹೋದರೆ ಕೆಮ್ಮಿಗೆ ಔಷಧಿ ಕೇಳುತ್ತಾರೆ, ನನಗೆ ಗೊತ್ತಿಲ್ಲ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ಈ ಕೆಲಸಕ್ಕೆ ನನ್ನನ್ನು ಎಳೆದು ತಂದವರು ನನ್ನ ಭಾವ, ಅಕ್ಕನ ಗಂಡ. ನನಗೆ ಅರವತ್ತಾರು, ಅವರಿಗೆ ಎಪ್ಪತ್ತನಾಲ್ಕು. ಇಬ್ಬರೂ ಎಂದೋ ನಿವೃತ್ತರಾಗಬೇಕಿತ್ತು. ಆದರೆ ನಮ್ಮ ಜಾಗಕ್ಕೆ ಬರಲು ಯಾರೂ ಸಿಗಲಿಲ್ಲವಾದ್ದರಿಂದ ಆಸ್ಪತ್ರೆಯವರು ವರ್ಷ ವರ್ಷವೂ ಒಂದು ಕಾಗದ ಕೊಟ್ಟು ಮುಂದುವರಿಸುತ್ತಿದ್ದರು. ಆಸ್ಪತ್ರೆಯಲ್ಲಿ ಭಾವನಿಗೆ ಹದ್ದು ಡಾಕ್ಟರು ಎಂದೇ ಹೆಸರು. ಗಾಜಿನ ಮೂಲೆಯಲ್ಲಿ ಅಡಗಿ ಕೂತ ನಾಲ್ಕು ಕೆಟ್ಟ ಜೀವಕೋಶಗಳನ್ನೂ ಅವರು ಹುಡುಕಿ ತೆಗೆಯುತ್ತಿದ್ದರು. ಹಾಗೆಂದು ಕರೆದರೆ ಅವರಿಗೆ ಒಳಗೊಳಗೇ ಖುಷಿ.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಇತ್ತು. ನನಗೆ ಅನುಮಾನ ಬಂದ ಗಾಜಿನ ತುದಿಯಲ್ಲಿ ಪೆನ್ಸಿಲ್ಲಿನಿಂದ ಸಣ್ಣ ಪ್ರಶ್ನೆಚಿಹ್ನೆ ಹಾಕುತ್ತಿದ್ದೆ. ಸಂಜೆ ಅಂಥವನ್ನೆಲ್ಲ ಟೆಕ್ನಿಷಿಯನ್ ಕೈಯಲ್ಲಿ ರಟ್ಟಿನ ಟ್ರೇಗೆ ಹಾಕಿಸಿ, ಜೊತೆಗೆ ನನ್ನ ಅಭಿಪ್ರಾಯ ಬರೆದ ಹಾಳೆ ಇಟ್ಟು, ಕಾರಿಡಾರಿನ ಕೊನೆಯಲ್ಲಿದ್ದ ಅವರ ಕೋಣೆಗೆ ಕಳಿಸುತ್ತಿದ್ದೆ. ನನ್ನ ಮಾತು ಒಪ್ಪಿಗೆಯಾದರೆ ಗಾಜಿನ ತುದಿಯಲ್ಲಿ ಹಸಿರು ಶಾಯಿಯ ಚುಕ್ಕೆ ಇಟ್ಟು, ವರದಿಗೆ ಎರಡನೆಯ ಸಹಿ ಹಾಕುತ್ತಿದ್ದರು. ಒಪ್ಪಿಗೆಯಾಗದಿದ್ದರೆ ಚೀಟಿ ಬರುತ್ತಿತ್ತು. ಆ ಚೀಟಿಗಳಲ್ಲಿ ಮರ್ಯಾದೆ ಎಂಬುದು ಮಾತ್ರ ಇರುತ್ತಿರಲಿಲ್ಲ. ‘ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೋಡಿದೆಯಾ?’ ಎಂದು ಒಮ್ಮೆ ಬರೆದಿದ್ದರು. ನಾದಿನಿ ಅಂತ ಒಂದು ಅಕ್ಷರದ ರಿಯಾಯಿತಿ ಇಲ್ಲ. ನಾನು ಹಲ್ಲು ಕಚ್ಚಿಕೊಂಡು ಮತ್ತೆ ನೋಡುತ್ತಿದ್ದೆ, ಹೆಚ್ಚಿನ ಸಲ ಅವರೇ ಸರಿ ಇರುತ್ತಿದ್ದರು.

ಕಳೆದ ಒಂದೂವರೆ ವರ್ಷದಿಂದ ಒಂದು ಚೀಟಿಯೂ ಬಂದಿರಲಿಲ್ಲ. ಅಂತೂ ಅರವತ್ತಾರಕ್ಕೆ ಕೆಲಸ ಕಲಿತೆ ಎಂದು ನಾನು ಬೀಗಿದೆ. ಅಕ್ಕನ ಮುಂದೆ ಜಂಬವನ್ನೂ ಕೊಚ್ಚಿಕೊಂಡೆ. ಅಕ್ಕ ಕಿಟಕಿಯ ಪರದೆ ಸರಿಮಾಡುತ್ತಾ ಬೇರೆ ಏನೋ ಮಾತು ತೆಗೆದಳು.

ಒಂದು ಸೋಮವಾರ ಬೆಳಿಗ್ಗೆ ಟ್ರೇ ವಾಪಸ್ಸು ಬಂದಾಗ ಅದರಲ್ಲಿ, ವಾರಕ್ಕೆ ಒಂದೆರಡೇ ಹೋಗುತ್ತಿದ್ದರೂ, ಆ ಸಲ ಏಳು ಗಾಜುಗಳಿದ್ದವು. ಏಳಕ್ಕೂ ಹಸಿರು ಚುಕ್ಕೆ. ಐದನೆಯದನ್ನು ಬೆಳಕಿಗೆ ಹಿಡಿದರೆ ಆಚೆ ಗೋಡೆಯ ಕ್ಯಾಲೆಂಡರ್ ಸ್ಪಷ್ಟವಾಗಿ ಕಾಣುತ್ತಿತ್ತು. ಬಣ್ಣವೇ ಹಾಕದ ಗಾಜು ಅದು.

ಮುಂದೆ ಬೇರೆ ಪರೀಕ್ಷೆಗೆ ಬೇಕಾದೀತು ಎಂದು ಒಂದೊಂದು ತುಣುಕಿನಿಂದ ಒಂದು ಗಾಜನ್ನು ಬಣ್ಣ ಹಾಕದೆ ಎತ್ತಿಡುವ ರೂಢಿ ನಮ್ಮಲ್ಲಿದೆ. ಅದನ್ನು ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಬಿಳಿ ಬೆಳಕು, ಅದರೊಳಗೆ ಒದ್ದೆ ಬಟ್ಟೆ ಆರಿದ ಕಲೆಯಂಥದ್ದೇನೋ, ಅಷ್ಟೇ. ಲ್ಯಾಬಿನ ಟೆಕ್ನಿಷಿಯನ್ ಇಪ್ಪತ್ತೆಂಟು ವರ್ಷದ ಸರ್ವೀಸಿನ ಹೆಂಗಸು. ಅವಳನ್ನು ಕರೆದು ತೋರಿಸಿದೆ.

“ಅಯ್ಯೋ, ತಪ್ಪಾಯ್ತು ಮೇಡಂ. ಬಣ್ಣ ಹಾಕಿದ್ದು ಬಿಟ್ಟು ಇದನ್ನ ಇಟ್ಬಿಟ್ಟಿದ್ದೀನಿ,” ಎಂದಳು. ಆಮೇಲೆ ಅವಳ ಕಣ್ಣು ಹಸಿರು ಚುಕ್ಕೆಯ ಮೇಲೆ ನಿಂತಿತು. “ಸಾರ್ ಇದಕ್ಕೂ ಇಟ್ಟಿದ್ದಾರಾ?”

“ಆಯ್ತು, ನೀನು ಹೋಗು,” ಎಂದೆ.

ಎದೆ ಧಸಕ್ಕೆನ್ನಬೇಕಿತ್ತು. ಅನ್ನಲಿಲ್ಲ. ಕೈ ತೊಳೆದು ಬಂದು ಉಳಿದ ಆರು ಗಾಜುಗಳನ್ನು ಇನ್ನೊಮ್ಮೆ ನೋಡಿದೆ. ನನ್ನ ಅಭಿಪ್ರಾಯ ಸರಿಯಾಗಿಯೇ ಇತ್ತು. ಸೋಮಾರಿಯಾಗಿದ್ದಾರೆ, ಮುದುಕನಿಗೆ ನೋಡುವುದಕ್ಕೆ ಬೇಜಾರು ಎಂದು ಬೈದುಕೊಂಡೆ. ಸಿಟ್ಟು ಬಂದದ್ದರಿಂದ ಸ್ವಲ್ಪ ಸಮಾಧಾನವೂ ಆಯಿತು.

ಮಧ್ಯಾಹ್ನ ಅವರ ಕೋಣೆಗೆ ಹೋದೆ. ಅಲ್ಲಿ ಇಬ್ಬರು ಎದುರುಬದುರು ಕೂತು ಒಂದೇ ಗಾಜನ್ನು ನೋಡಬಹುದಾದ ಮೈಕ್ರೋಸ್ಕೋಪ್ ಇದೆ. ನನಗೆ ಅವರು ಪಾಠ ಹೇಳಿಕೊಟ್ಟದ್ದು ಅದರಲ್ಲೇ. ಭಾವ ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ ನೆಟ್ಟಗೆ ಕೂತಿದ್ದರು. ಮೇಜಿನ ಮೇಲೆ ಹಸಿರು ಪೆನ್ನು, ನೀರಿನ ಲೋಟ, ಕರವಸ್ತ್ರ, ಎಲ್ಲ ಇದ್ದ ಜಾಗದಲ್ಲೇ ಇದ್ದವು.

“ಭಾವ, ಒಂದು ಗಾಜು ಇದೆ, ಒಟ್ಟಿಗೆ ನೋಡೋಣ,” ಎಂದೆ.

“ಬಾ ಬಾ. ಏನು, ನಿನಗೂ ಗೊತ್ತಾಗದಿರೋದು ಸಿಕ್ತಾ?”

ನಾನು ದೀಪ ಹಾಕಿದೆ. ಗಾಜು ಇಡಲಿಲ್ಲ. ಬೇಕೆಂದೇ ಇಡಲಿಲ್ಲ. ಗುಂಡಿ ತಿರುಗಿಸುವ ಸದ್ದು ಮಾಡಿ, “ಇಲ್ಲಿ ನೋಡಿ, ಬಲಗಡೆ ಈ ಗುಂಪು. ನನಗೆ ಯಾಕೋ ಇಷ್ಟ ಆಗ್ತಿಲ್ಲ,” ಎಂದೆ.

ಭಾವ ಕಣ್ಣು ಕೊಟ್ಟು ಸ್ವಲ್ಪ ಹೊತ್ತು ನೋಡಿದರು. ತಲೆಯಾಡಿಸಿದರು. “ಹೌದಲ್ಲ. ನೀನು ಹೇಳ್ತಿರೋದು ಸರಿ. ಗುಂಪು ಚೆನ್ನಾಗಿಲ್ಲ.”

ಖಾಲಿ ಬೆಳಕು ನೋಡುತ್ತಾ ನಾವಿಬ್ಬರೂ ಹಾಗೇ ಕೂತಿದ್ದೆವು. ಬದುಕಿನಲ್ಲಿ ಯಾರ ಜೊತೆಗೂ ನಾನು ಅಷ್ಟು ಕೀಳಾಗಿ ನಡೆದುಕೊಂಡಿರಲಿಲ್ಲ.

“ಭಾವ, ಗಾಜು ಇಟ್ಟಿಲ್ಲ ನಾನು,” ಎಂದೆ.

ಅವರು ಮುಖ ಎತ್ತಲು ಬಹಳ ಹೊತ್ತು ಹಿಡಿಯಿತು. ಎತ್ತಿದ ಮೇಲೂ ನನ್ನನ್ನು ನೋಡಲಿಲ್ಲ, ನನ್ನ ಕಿವಿಯ ಪಕ್ಕ ಎಲ್ಲೋ ನೋಡಿದರು. ಈಚೆಗೆ ಅವರು ಎಲ್ಲರನ್ನೂ ಹಾಗೇ ನೋಡುತ್ತಿದ್ದರು. ವಯಸ್ಸಾದ ಮೇಲೆ ಗತ್ತು ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

“ನಡುವೆ ಏನೂ ಕಾಣಲ್ಲ,” ಎಂದರು. “ಅಂಚಲ್ಲಿ ಕಾಣತ್ತೆ. ಬಾಗಿಲು ಕಾಣತ್ತೆ, ನೀನು ಬಂದಿದ್ದು ಕಾಣತ್ತೆ. ದಿಟ್ಟಿಸಿ ನೋಡಿದ್ದು ಮಾತ್ರ ಮಾಯ. ಬಲಗಣ್ಣು ಮೊದಲು ಹೋಯ್ತು. ಎಡದ್ದು ಹೋಗಿ ಒಂದೂವರೆ ವರ್ಷ.”

“ಮತ್ತೆ ಚುಕ್ಕೆ?”

“ಗಾಜಿನ ತುದಿ ಬೆರಳಿಗೆ ಸಿಗತ್ತಲ್ಲ. ದೊರಗಾಗಿರತ್ತೆ.”

“ನಾನು ಕೇಳಿದ್ದು ಅದಲ್ಲ ಭಾವ.”

“ಗೊತ್ತು.” ಅವರು ಕರವಸ್ತ್ರ ಹುಡುಕಿ ಬಾಯಿ ಒರೆಸಿಕೊಂಡರು. “ನೀನು ನೋಡಿರ್ತೀಯಲ್ಲ. ನಿನ್ನನ್ನ ತಯಾರು ಮಾಡಿದವನು ನಾನು. ನೀನು ನೋಡಿದ್ರೆ ನಾನು ನೋಡಿದ ಹಾಗೇ ಅಂದ್ಕೊಂಡೆ.”

ಅದನ್ನು ಹೊಗಳಿಕೆಯಂತೆ ಹೇಳಿದರು. ಆದರೆ ಭಾವನಿಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಆ ಪ್ರಶ್ನೆಚಿಹ್ನೆಯನ್ನು ಮೊದಮೊದಲು ನಾನು ಗಂಟೆಗಟ್ಟಲೆ ನೋಡಿ, ತಲೆ ಕೆಡಿಸಿಕೊಂಡು, ಇನ್ನು ಬಗೆಹರಿಯದು ಎಂದಾದ ಮೇಲೆ ಹಾಕುತ್ತಿದ್ದೆ. ಈಚೆಗೆ ಹಾಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆನ್ನು ಸೆಳೆಯುತ್ತದೆ, ಇನ್ನೂ ಮೂವತ್ತು ಗಾಜು ಬಾಕಿ ಇರುತ್ತವೆ. ಎರಡು ನಿಮಿಷ ನೋಡುವುದು, ಪ್ರಶ್ನೆಚಿಹ್ನೆ ಗೀಚುವುದು, ಹದ್ದು ನೋಡಿಕೊಳ್ಳುತ್ತದೆ ಎಂದು ಟ್ರೇಗೆ ತಳ್ಳುವುದು. ನಾನು ಅವರ ಮೇಲೆ ಹಾಕಿದ್ದನ್ನು ಅವರು ನನ್ನ ಮೇಲೆ ಹಾಕುತ್ತಿದ್ದರು. ಹೀಗೆ ಒಂದೂವರೆ ವರ್ಷ ಆ ಗಾಜುಗಳನ್ನು ಸರಿಯಾಗಿ ನೋಡಿದವರು ಯಾರೂ ಇರಲಿಲ್ಲ.

ಪ್ರಶ್ನೆಚಿಹ್ನೆಯೂ ಹಸಿರು ಚುಕ್ಕೆಯೂ ಎರಡೂ ಇದ್ದ ಗಾಜುಗಳನ್ನೆಲ್ಲ ಹಳೆಯ ಪೆಟ್ಟಿಗೆಗಳಿಂದ ತೆಗೆಸಿದೆ. ನೂರಾ ಮೂವತ್ತೊಂದು. ಟೆಕ್ನಿಷಿಯನ್ ಒಂದು ಮಾತೂ ಕೇಳದೆ ತಂದು ಜೋಡಿಸಿದಳು. ನಾಲ್ಕು ದಿನ ಬಾಗಿಲು ಹಾಕಿಕೊಂಡು, ಕಲಿಯುವ ಹುಡುಗಿಯ ಹಾಗೆ, ಒಂದೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಾ ಕೂತೆ. ನೂರು ದಾಟುವ ಹೊತ್ತಿಗೆ ಸ್ವಲ್ಪ ಉಸಿರಾಡುವಂತಾಯಿತು. ಎಲ್ಲ ಸರಿಯಾಗಿದ್ದವು. ಎರಡರಲ್ಲಿ ಸಣ್ಣ ತಪ್ಪಿತ್ತು, ಯಾರಿಗೂ ತೊಂದರೆಯಾಗದಂಥದ್ದು.

ನೂರಾ ಹದಿನೇಳನೆಯದು ನಾಲಿಗೆಯ ಅಂಚಿನಿಂದ ತೆಗೆದ ತುಣುಕು. ‘ಹಲ್ಲು ತಾಗಿ ಆದ ಹುಣ್ಣು, ಕ್ಯಾನ್ಸರ್ ಅಲ್ಲ’ ಎಂದು ನಾನು ಬರೆದಿದ್ದೆ. ಮೇಲ್ಪದರ ನೋಡಿದರೆ ಹಾಗೇ ಅನ್ನಿಸುತ್ತಿತ್ತು. ಗಾಜನ್ನು ಸರಿಸಿ ಕೆಳಗಿನ ಮೂಲೆಗೆ ಹೋದೆ. ಅಲ್ಲಿ, ಸ್ನಾಯುವಿನ ಎಳೆಗಳ ನಡುವೆ, ಜೀವಕೋಶಗಳ ಮೂರು ಸಣ್ಣ ಗುಂಪುಗಳಿದ್ದವು. ಅವು ಅಲ್ಲಿ ಇರಬಾರದಾಗಿತ್ತು. ಅಡಗಿಯೂ ಕೂತಿರಲಿಲ್ಲ. ಎಂಟು ತಿಂಗಳ ಹಿಂದೆ ನಾನು ಆ ಮೂಲೆಗೆ ಹೋಗಿಯೇ ಇರಲಿಲ್ಲ.

ನಂಬರು ಹಿಡಿದು ರಿಜಿಸ್ಟರಿನಲ್ಲಿ ಹುಡುಕಿದೆ. ವಿಳಾಸದ ಕಡೆ ‘ನಮ್ಮ ಹೊಲಿಗೆ ಕೋಣೆ’ ಎಂದು ಬರೆದಿತ್ತು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಹೊಲಿಗೆ ಕೋಣೆ ಇದೆ. ಥಿಯೇಟರಿನ ಗೌನು, ಹಾಸಿಗೆಯ ಬಟ್ಟೆ, ನಮ್ಮ ಕೋಟುಗಳ ರಿಪೇರಿ, ಎಲ್ಲ ಒಬ್ಬ ದರ್ಜಿಯದು. ಎಲ್ಲರೂ ಅವನನ್ನು ಮಾತಿನಮಲ್ಲ ಎನ್ನುತ್ತಿದ್ದರು. ಒಂದು ಗುಂಡಿ ಹಾಕಿಸಲು ಹೋದರೆ ಅರ್ಧ ಗಂಟೆ. ಸರ್ಜನ್ನುಗಳ ಹೊಟ್ಟೆಯ ಸುತ್ತಳತೆ, ನರ್ಸುಗಳ ಮನೆ ಸುದ್ದಿ, ಎಲ್ಲ ಅವನ ಬಾಯಲ್ಲಿ. “ನೀವು ಕತ್ತರಿಸಿ ಬಿಡ್ತೀರಿ, ನಾನು ಕತ್ತರಿಸಿ ಹೊಲೀತೀನಿ. ಯಾರು ದೊಡ್ಡವರು ಹೇಳಿ?” ಎಂದು ಸರ್ಜನ್ನುಗಳನ್ನೇ ಛೇಡಿಸುತ್ತಿದ್ದ. ಎಂಟು ತಿಂಗಳ ಹಿಂದೆ ಅವನು ಲ್ಯಾಬಿನ ಕಿಟಕಿಗೆ ಬಂದು, “ಮೇಡಂ, ನನ್ನ ನಾಲಿಗೆ ಪಾಸಾ ಫೇಲಾ?” ಎಂದು ಕೇಳಿದ್ದ.

“ಪಾಸು,” ಎಂದಿದ್ದೆ. “ಹಲ್ಲಿನವರ ಹತ್ರ ಆ ಚೂಪು ಹಲ್ಲು ಉಜ್ಜಿಸ್ಕೊಳ್ಳಿ, ಸಾಕು.”

ಈಚೆಗೆ ಲಿಫ್ಟಿನಲ್ಲಿ ಸಿಕ್ಕಾಗ ಅವನ ಮಾತು ದಪ್ಪವಾಗಿತ್ತು, ಬಾಯಲ್ಲಿ ಏನೋ ಇಟ್ಟುಕೊಂಡು ಆಡುವ ಹಾಗೆ. ಹಲ್ಲು ಕೀಳಿಸಿದಿರಾ ಎಂದು ಕೇಳಿದ್ದೆ. ಅವನು ನಕ್ಕಿದ್ದ. ನನ್ನ ಮಹಡಿ ಬಂದಿತ್ತು, ಇಳಿದುಹೋದೆ.

ಸಂಜೆ ಅಕ್ಕನ ಮನೆಗೆ ಹೋಗಿ ಭಾವನಿಗೆ ಹೇಳಿದೆ. ಅಕ್ಕ ಅವರಿಗೆ ಪೇಪರ್ ಓದಿ ಹೇಳುತ್ತಿದ್ದಳು, ನನ್ನನ್ನು ಕಂಡು ಅದನ್ನು ಮಡಚಿ ಬೆನ್ನ ಹಿಂದೆ ಇಟ್ಟುಕೊಂಡಳು. ಇನ್ನು ಮುಚ್ಚಿಡುವುದು ಏನಿತ್ತೋ.

ಭಾವ ಎಲ್ಲ ಕೇಳಿಸಿಕೊಂಡರು. ಗುಂಪುಗಳು ಎಷ್ಟು, ಯಾವ ಪದರದಲ್ಲಿ, ಅಂಚು ಹೇಗಿದೆ ಎಂದು ಒಂದೊಂದಾಗಿ ಕೇಳಿದರು. ಪ್ರಶ್ನೆಗಳು ಹಳೆಯ ಹದ್ದಿನವೇ. ಆಮೇಲೆ, “ಹೊಸದಾಗಿ ಒಂದು ತುಣುಕು ತೆಗೆಸು. ಹುಣ್ಣು ವಾಸಿಯಾಗಿಲ್ಲ, ಅದಕ್ಕೇ ಮತ್ತೆ ನೋಡ್ತಿದ್ದೀವಿ ಅನ್ನು. ಹೊಸ ಗಾಜು, ಹೊಸ ವರದಿ. ಚಿಕಿತ್ಸೆ ಶುರುವಾಗತ್ತೆ. ಹಳೇ ಗಾಜನ್ನ ಯಾರು ಕೇಳ್ತಾರೆ?” ಎಂದರು.

“ಎಂಟು ತಿಂಗಳು, ಭಾವ.”

“ಹೇಳಿದ್ರೆ ಆ ಎಂಟು ತಿಂಗಳು ವಾಪಸ್ ಬರತ್ತಾ?”

ಅಕ್ಕ ಬಾಗಿಲವರೆಗೆ ಬಂದಳು. “ಒಂದೂವರೆ ವರ್ಷದಿಂದ ದಿನಾ ಬೆಳಿಗ್ಗೆ ವಾಕಿಂಗ್ ಅಂತ ನೆಪ ಹೇಳಿ ಅವರನ್ನ ಆಸ್ಪತ್ರೆ ಮೆಟ್ಟಿಲವರೆಗೂ ಕೈ ಹಿಡಿದು ಬಿಟ್ಟು ಬಂದಿದ್ದೀನಿ ಕಣೆ. ಆ ಖುರ್ಚಿ ಬಿಟ್ರೆ ಅವರಿಗೆ ಏನಿದೆ? ನೀನಿದ್ದೀಯಲ್ಲ ಅನ್ನೋ ಧೈರ್ಯದ ಮೇಲೆ ಬಿಟ್ಟೆ. ನೀನು ತಪ್ಪು ಮಾಡಲ್ಲ ಅಂತ ನೀನೇ ಹೇಳ್ಕೊಂಡಿದ್ದೆಯಲ್ಲ.”

ಹೇಳಿಕೊಂಡಿದ್ದೆ.

ಈಗ ಹೇಳುವುದು ನನಗೆ ಗೌರವ ತರುವ ಮಾತಲ್ಲ. ಭಾವ ಹೇಳಿದ್ದು ನನಗೂ ಸರಿ ಎನ್ನಿಸಿತು. ಎರಡು ದಿನ ಏನೂ ಮಾಡಲಿಲ್ಲ. ಲ್ಯಾಬಿಗೆ ಹೋದೆ, ಗಾಜು ನೋಡಿದೆ, ವರದಿ ಬರೆದೆ, ಮನೆಗೆ ಬಂದು ಉಂಡು ಮಲಗಿದೆ. ನಿದ್ದೆಯೂ ಬಂತು. ಅಳು ಬರಲಿಲ್ಲ. ಹೆದರಿಕೆ ಕೂಡ ಬೇರೆ ಯಾರದೋ ಎನ್ನುವಷ್ಟು ದೂರದಲ್ಲಿತ್ತು. ಎರಡು ದಿನ ಆ ಗುಂಪುಗಳು ನೆಲಮಾಳಿಗೆಯಲ್ಲಿ ಒಬ್ಬನ ಬಾಯೊಳಗೆ ಬೆಳೆಯುತ್ತಿವೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ಎಂಟು ತಿಂಗಳ ಹಿಂದಿನದಕ್ಕೆ ಸುಸ್ತು, ಬೆನ್ನುನೋವು ಅಂತ ಏನಾದರೂ ಹೇಳಬಹುದು. ಈ ಎರಡು ದಿನಕ್ಕೆ ಏನು ಹೇಳಲಿ?

ಮೂರನೆಯ ದಿನ ಬೆಳಿಗ್ಗೆ ಟೆಕ್ನಿಷಿಯನ್ ಟ್ರೇ ತಂದಿಟ್ಟು ಅಲ್ಲೇ ನಿಂತಳು. “ಮೇಡಂ, ಪ್ರಶ್ನೆಚಿಹ್ನೆ ಹಾಕಿದ್ದನ್ನ ಇನ್ಮೇಲೆ ಎಲ್ಲಿಗೆ ಕಳಿಸ್ಲಿ?” ಎಂದಳು.

ಅವಳು ಕೇಳಿದ್ದು ಅಷ್ಟೇ, ಅದೂ ಕೆಲಸದ ಮಾತು. ಆದರೆ ಅವಳಿಗೆ ಎಲ್ಲ ಗೊತ್ತಿದೆ, ನಾನು ಏನು ಹೇಳಿದರೂ ಹಾಗೇ ಮಾಡುತ್ತಾಳೆ ಎಂದು ನನಗೆ ತಿಳಿಯಿತು. ಭಾವನ ಕೋಣೆಗೇ ಕಳಿಸು ಎಂದಿದ್ದರೆ ಕಳಿಸುತ್ತಿದ್ದಳು. ಟ್ರೇಯನ್ನು ಪಕ್ಕಕ್ಕೆ ಸರಿಸಿ ಒಂದು ಹಾಳೆ ತೆಗೆದುಕೊಂಡೆ.

ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆದೆ. ಗಾಜಿನ ನಂಬರು, ತಾರೀಖು, ನಾನು ಬರೆದದ್ದು, ಬರೆಯಬೇಕಾಗಿದ್ದದ್ದು, ಎರಡನೆಯ ಸಹಿ ಹೇಗೆ ಬಿತ್ತು ಎಂಬುದು, ನೂರಾ ಮೂವತ್ತೊಂದರ ಪಟ್ಟಿ, ಅವನ್ನೆಲ್ಲ ಹೊರಗಿನ ಬೇರೆಯವರಿಗೆ ತೋರಿಸಬೇಕು ಎಂಬುದು. ಅದನ್ನು ಹಿಡಿದು ಭಾವನ ಕೋಣೆಗೆ ಹೋಗಿ ಜೋರಾಗಿ ಓದಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಓದು ಮುಗಿದ ಮೇಲೆ ಅವರು ಸ್ವಲ್ಪ ಹೊತ್ತು ಮೈಕ್ರೋಸ್ಕೋಪಿನ ಗುಂಡಿಯನ್ನು ಅತ್ತಿತ್ತ ತಿರುಗಿಸಿದರು.

“ಬಲಗಣ್ಣು ಮೊದಲೇ ಹೋಗಿತ್ತು ಅಂತಲೂ ಸೇರಿಸು,” ಎಂದರು. “ಅದು ಮೂರು ವರ್ಷ. ಆಗಿನವೂ ನೋಡಲಿ.”

ಸೇರಿಸಿದೆ. ಅವರು ಹಸಿರು ಪೆನ್ನು ತೆಗೆದುಕೊಂಡು, “ಎಲ್ಲಿ?” ಎಂದರು. ಅವರ ಬೆರಳು ಹಿಡಿದು ಹಾಳೆಯ ಕೆಳಗೆ ಇಟ್ಟೆ. ನಾಲ್ಕು ದಶಕ ನೋಡಿದ ಸಹಿ, ಒಂದಿಷ್ಟೂ ಬದಲಾಗಿರಲಿಲ್ಲ. ಅಭ್ಯಾಸಬಲದಿಂದ ಅದರ ಪಕ್ಕ ಒಂದು ಚುಕ್ಕೆಯನ್ನೂ ಇಟ್ಟರು.

“ನಿಮ್ಮಕ್ಕ ನಿನ್ನನ್ನ ಮಾತಾಡಿಸಲ್ಲ ಇನ್ನು,” ಎಂದರು.

“ಗೊತ್ತು ಭಾವ.”

ಪತ್ರ ಮುಖ್ಯಸ್ಥರ ಕಚೇರಿಯಲ್ಲಿ ಕೊಟ್ಟು, ಬಾಯಿ ಗಂಟಲಿನ ಸರ್ಜನ್ನಿಗೆ ಗಾಜು ತೋರಿಸಿ, ಮರುದಿನ ಬೆಳಿಗ್ಗೆಗೇ ದರ್ಜಿಯ ಪರೀಕ್ಷೆಗೆ ಸಮಯ ಕೇಳಿಕೊಂಡು, ನೆಲಮಾಳಿಗೆಗೆ ಇಳಿದೆ. ರೋಗಿಗೆ ನಾವು ಹೇಳುವ ಪದ್ಧತಿ ಇಲ್ಲ. ಸರ್ಜನ್ ತಾನೇ ಹೇಳುತ್ತೇನೆ ಎಂದ. ಬೇಡ ಎಂದೆ.

ಮಾತಿನಮಲ್ಲ ಮೆಷಿನಿನ ಸಣ್ಣ ದೀಪದ ಕೆಳಗೆ ಥಿಯೇಟರಿನ ಹಸಿರು ಬಟ್ಟೆ ಹೊಲಿಯುತ್ತಿದ್ದ. ಕತ್ತಿನಲ್ಲಿ ಅಳತೆ ಟೇಪು ಜೋತುಬಿದ್ದಿತ್ತು. “ಬನ್ನಿ ಬನ್ನಿ, ದಾರಿ ತಪ್ಪಿ ಬಂದ್ರಾ?” ಎಂದ. ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೊರಳಿಸಿ ಹೇಳಬೇಕಾಗುತ್ತಿತ್ತು. “ಗುಂಡಿ ಕಿತ್ತೋಯ್ತಾ?”

ನಾನು ಕೂರಲಿಲ್ಲ. “ನಿಮ್ಮ ನಾಲಿಗೆ ಪಾಸು ಅಂದಿದ್ದೆ ನಾನು. ಅದು ತಪ್ಪು. ಅವತ್ತೇ ಅದರಲ್ಲಿ ಕ್ಯಾನ್ಸರ್ ಇತ್ತು. ನಾನು ಸರಿಯಾಗಿ ನೋಡಲಿಲ್ಲ,” ಎಂದೆ. ಇಳಿಯುವಾಗ ಮೆಟ್ಟಿಲ ಮೇಲೆ ಅದನ್ನು ಕಂಠಪಾಠ ಮಾಡಿಕೊಂಡಿದ್ದೆ.

ಅವನ ಕಾಲು ಮೆಷಿನಿನ ಮೇಲೆ ಇನ್ನೂ ಎರಡು ಸಲ ಆಡಿ ನಿಂತಿತು.

“ಎರಡು ಸಹಿ ಇತ್ತಲ್ಲ ಮೇಡಂ,” ಎಂದ. “ಮನೆಯವಳು ಹೆದರ್ತಿದ್ಲು. ಇಬ್ರು ದೊಡ್ಡ ಡಾಕ್ಟ್ರು ನೋಡಿದ್ದಾರೆ, ಸುಮ್ನೆ ಮಲ್ಕೋ ಅಂದೆ. ಹದ್ದು ಡಾಕ್ಟ್ರೂ ನೋಡಿದ್ದಾರೆ ಅಂದೆ.”

“ಅವರಿಗೆ ಕಣ್ಣು ಹೋಗಿದೆ. ಅವರು ನೋಡಿರಲಿಲ್ಲ.”

“ನಿಮಗೆ?”

“ನನಗೆ ಕಾಣತ್ತೆ,” ಎಂದೆ.

ಅವನು ನನ್ನನ್ನೇ ನೋಡಿದ. ಬೈಯಲಿ ಎಂದು ಕಾದೆ. ಇಡೀ ಆಸ್ಪತ್ರೆಯಲ್ಲಿ ಅವನಿಗಿಂತ ಚೆನ್ನಾಗಿ ಬೈಯಬಲ್ಲವರು ಇರಲಿಲ್ಲ. ಅವನು ಕತ್ತಿನಿಂದ ಟೇಪು ತೆಗೆದು ಮೇಜಿನ ಮೇಲೆ ಬಿಡಿಸಿ ಹಾಸಿದ.

“ಅವತ್ತಾಗಿದ್ರೆ ಎಷ್ಟು ಕತ್ತರಿಸ್ತಿದ್ರು, ಈಗ ಎಷ್ಟು ಕತ್ತರಿಸ್ತಾರೆ? ಬಾಯಲ್ಲಿ ಹೇಳ್ಬೇಡಿ. ಇದರಲ್ಲಿ ತೋರ್ಸಿ.”

“ಅದನ್ನ ಸರ್ಜನ್...”

“ನೀವು ತೋರ್ಸಿ.”

ಬಗ್ಗಿ ಟೇಪಿನ ಮೇಲೆ ಉಗುರಿಟ್ಟೆ. ಅವತ್ತಾಗಿದ್ದರೆ ಎರಡು ಸೆಂಟಿಮೀಟರ್. ಅಲ್ಲಿಂದ ಉಗುರು ಸರಿಸುತ್ತಾ ಹೋದೆ. ಮೂರು, ನಾಲ್ಕು, ಐದು. ಐದೂವರೆಯಲ್ಲಿ ನಿಲ್ಲಿಸಿದೆ. ಕುತ್ತಿಗೆಯ ಗಂಟುಗಳನ್ನೂ ತೆಗೆಯಬೇಕಾದೀತು ಎಂದು ಹೇಳಬೇಕಿತ್ತು. ಅದನ್ನು ಸರ್ಜನ್ನಿಗೆ ಬಿಟ್ಟೆ.

ಅವನು ಎರಡರ ಮೇಲೆ ಎಡಗೈಯ ಹೆಬ್ಬೆರಳು, ಐದೂವರೆಯ ಮೇಲೆ ತೋರುಬೆರಳು ಇಟ್ಟ. ನಡುವಿನ ಜಾಗವನ್ನು ದೀಪಕ್ಕೆ ಹತ್ತಿರ ಹಿಡಿದು, ಬಟ್ಟೆಯ ಅಳತೆ ನೋಡುವ ಹಾಗೇ ನೋಡಿದ.

“ಮಾತಾಡೋಕೆ ಇಷ್ಟು ಬೇಕಲ್ವಾ ಮೇಡಂ,” ಎಂದ.

“ಬೇಕು,” ಎಂದೆ.

“ನಾಳೆ ಎಷ್ಟು ಗಂಟೆಗೆ ಬರ್ಬೇಕು?”

“ಎಂಟಕ್ಕೆ. ಖಾಲಿ ಹೊಟ್ಟೆಯಲ್ಲಿ.”

ಅವನು ತಲೆಯಾಡಿಸಿದ. ಆ ಮೂರೂವರೆ ಸೆಂಟಿಮೀಟರ್ ಟೇಪನ್ನು ಎರಡು ಬೆರಳುಗಳ ನಡುವೆ ಬಿಡದೆ ಹಿಡಿದುಕೊಂಡೇ, ಇನ್ನೊಂದು ಕೈಯಿಂದ ಹೊಲಿಗೆ ಮೆಷಿನಿನ ದೀಪ ಆರಿಸಿದ.